ತಿರುವಿನ ಲೆಕ್ಕ: ಒಂದು ಹಳೆಯ ಪುಸ್ತಕ, ಒಂದು ಹೊಸ ಹವ್ಯಾಸ

ಈ ಪುಟಗಳಲ್ಲಿ ವಾಡಿಕೆಯಾಗಿ ಕಾದಂಬರಿ, ಕವನ ಸಂಕಲನ, ಇಲ್ಲವೇ ನಮ್ಮ ಸಂಘದ ಬಳಗದವರೇ ಆಡಿದ ನಾಟಕ, ಇಂಥವುಗಳ ವಿಮರ್ಶೆ ಬರುತ್ತದೆ. ಈ ಸಲ ನಾನು ಮೋಟಾರು ರೇಸಿನ ಪುಸ್ತಕವೊಂದನ್ನು ಹಿಡಿದು ಬಂದಿರುವುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ನನ್ನ ಬಳಿ ಕಾರಿಲ್ಲ. ಮನೆಯಿಂದ ಕಛೇರಿಗೆ, ಕಛೇರಿಯಿಂದ ಮನೆಗೆ ಓಡುವ ಒಂದು ಸ್ಕೂಟರಿದೆ. ಅದರ ಮುಳ್ಳು ಐವತ್ತನ್ನು ದಾಟಿದ್ದು ನನಗೆ ನೆನಪಿಲ್ಲ. ಆದರೂ ಈ ಪುಸ್ತಕವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕಾಗದ, ಪೆನ್ಸಿಲು ಪಕ್ಕದಲ್ಲಿಟ್ಟುಕೊಂಡು ಓದಿದೆ. ಯಾಕೆ ಓದಬೇಕಾಯಿತು ಎಂಬುದನ್ನು ಹೇಳಿದರೆ ವಿಮರ್ಶೆಯ ಅರ್ಧ ಮುಗಿದಂತೆಯೇ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಣ್ಣನ ಮಗ ಎರಡು ವರ್ಷದ ಹಿಂದೆ ಒಂದು ಪೋರ್ಷೆ ಕೇಮನ್ ಕಾರು ಕೊಂಡ. ಹೊಸದಲ್ಲ, ಇನ್ನೊಬ್ಬರು ಓಡಿಸಿ ಮಾರಿದ್ದು. ಎರಡೇ ಸೀಟು, ಎಂಜಿನ್ನು ಬೆನ್ನ ಹಿಂದೆ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದದ್ದನ್ನು ಯಾರೂ ಓದುವುದಿಲ್ಲ. ಕಾರು ಕೊಂಡದ್ದು ಅವನ ತಂದೆತಾಯಿಗೆ ಗೊತ್ತಿತ್ತು, ಅದನ್ನು ಇಟ್ಟುಕೊಂಡು ಏನು ಮಾಡುತ್ತಾನೆಂಬುದು ಗೊತ್ತಿರಲಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ "ಚೆನ್ನೈಗೆ, ಚಿಕ್ಕಪ್ಪನ ಮನೆಗೆ ಹೋಗಿ ಬರುತ್ತೇನೆ" ಎಂದು ನಸುಕಿನಲ್ಲಿ ಹೊರಡುತ್ತಿದ್ದ. ಸುಳ್ಳೇನೂ ಅಲ್ಲ. ರಾತ್ರಿ ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದ. ಆದರೆ ಹಗಲೆಲ್ಲ ಅವನಿರುತ್ತಿದ್ದದ್ದು ಬೆಂಗಳೂರು ಹೆದ್ದಾರಿಯಲ್ಲೇ, ರಾಮಾನುಜರು ಹುಟ್ಟಿದ ಶ್ರೀಪೆರುಂಬುದೂರಿಗೆ ಹತ್ತಿರದ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕಿನಲ್ಲಿ. ವಿಷಯ ತಿಳಿದ ದಿನ ನಾನು ಬೈದೆ. ಆತ ಎದುರು ಮಾತನಾಡಲಿಲ್ಲ. ಮುಂದಿನ ಸಲ ಬಂದಾಗ ಈ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಚಿಕ್ಕಪ್ಪ, ನೀವು ಬಿ.ಎಸ್ಸಿ. ಓದಿದವರು. ಮೊದಲು ಇದನ್ನು ಓದಿ, ಆಮೇಲೆ ಬೈಯಿರಿ" ಎಂದ.

ಪುಸ್ತಕದ ಹೆಸರು 'ದಿ ಟೆಕ್ನಿಕ್ ಆಫ್ ಮೋಟಾರ್ ರೇಸಿಂಗ್'. ಬರೆದವನು ಇಟಲಿಯ ಪಿಯೆರೊ ತರೂಫಿ. ಇಂಗ್ಲಿಷಿನಲ್ಲಿ ಪ್ರಕಟವಾದದ್ದು 1959ರಲ್ಲಿ.

ತರೂಫಿ 1906ರಲ್ಲಿ ರೋಮಿನಲ್ಲಿ ಹುಟ್ಟಿದವನು. ಓದಿದ್ದು ಎಂಜಿನಿಯರಿಂಗ್. ಮೊದಲು ಮೋಟಾರು ಸೈಕಲ್ಲು, ಆಮೇಲೆ ಕಾರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಗ್ರಾಂಡ್ ಪ್ರಿ ಗೆದ್ದ. ಕೂದಲು ಬೇಗ ನೆರೆತದ್ದರಿಂದ ಜನ ಅವನನ್ನು 'ಬೆಳ್ಳಿ ನರಿ' ಎಂದು ಕರೆಯುತ್ತಿದ್ದರು. 2023ರಲ್ಲಿ ಬಂದ 'ಫೆರಾರಿ' ಚಿತ್ರವನ್ನು ನೋಡಿದವರಿಗೆ, ಅದರಲ್ಲಿ ಪ್ಯಾಟ್ರಿಕ್ ಡೆಂಪ್ಸಿ ವಹಿಸಿದ ಬಿಳಿಗೂದಲಿನ ಚಾಲಕನ ಪಾತ್ರ ನೆನಪಿರಬಹುದು, ಆತನೇ ಈತ. ಡೆಂಪ್ಸಿಯೂ ನಟನಾಗಿದ್ದುಕೊಂಡು ಹವ್ಯಾಸಕ್ಕೆಂದು ರೇಸಿಗಿಳಿದು, ಕೊನೆಗೆ ಲೆ ಮಾನ್ಸ್‌ನ 24 ಗಂಟೆಯ ಓಟದವರೆಗೂ ಹೋದವನು ಎಂಬುದು ಈ ಲೇಖನದ ವಿಷಯಕ್ಕೆ ಒಪ್ಪುವ ಸಂಗತಿ.

ಇನ್ನು ಅಣ್ಣನ ಮಗನ ಹವ್ಯಾಸದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅದಕ್ಕೆ 'ಟ್ರ್ಯಾಕ್ ಡೇ' ಎನ್ನುತ್ತಾರೆ. ಅದು ರೇಸಲ್ಲ. ರೇಸ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆದು, ಸ್ವಂತ ಕಾರಿರುವವರಿಂದ ಶುಲ್ಕ ಪಡೆದು, ಅವರವರ ಕಾರಿನಲ್ಲಿ ಅವರವರನ್ನು ಓಡಿಸಲು ಬಿಡುತ್ತಾರೆ. ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಬಾವುಟಗಳ ಅರ್ಥ ಹೇಳುತ್ತಾರೆ: ಹಳದಿಗೆ ಎಚ್ಚರ, ಕೆಂಪಿಗೆ ಓಟ ನಿಲ್ಲಿಸಿ ಒಳಗೆ ಬರಬೇಕು. ಹೆಲ್ಮೆಟ್ ಕಡ್ಡಾಯ. ಅನುಭವಕ್ಕೆ ತಕ್ಕಂತೆ ಗುಂಪು ಮಾಡಿ, ಒಂದೊಂದು ಗುಂಪನ್ನು ಹದಿನೈದು ಇಪ್ಪತ್ತು ನಿಮಿಷ ಬಿಡುತ್ತಾರೆ. ನೇರ ರಸ್ತೆಯಲ್ಲಿ ಮಾತ್ರ, ಅದೂ ಮುಂದಿನವನು ಕೈ ತೋರಿಸಿ ದಾರಿ ಕೊಟ್ಟ ಮೇಲೆ, ಹಿಂದಿನವನು ದಾಟಬೇಕು. ಗೆದ್ದವರಿಲ್ಲ, ಬಹುಮಾನವಿಲ್ಲ. ಸಂಜೆ ಅದೇ ಕಾರಿನಲ್ಲಿ ಮನೆಗೆ ಹೋಗಬೇಕು. ಈ ಕೊನೆಯ ವಾಕ್ಯವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಪುಸ್ತಕದ ಜೀವ ಇರುವುದು ತಿರುವಿನಲ್ಲಿ. ನೇರ ರಸ್ತೆಯಲ್ಲಿ ಕಾಲು ಒತ್ತಿ ಹೋಗುವುದಕ್ಕೆ ಎಂಜಿನ್ನಿನ ಶಕ್ತಿ ಸಾಕು, ಮನುಷ್ಯನ ವಿದ್ಯೆ ಗೊತ್ತಾಗುವುದು ತಿರುವಿನಲ್ಲಿ ಎಂಬ ನಂಬಿಕೆಯ ಮೇಲೆ ತರೂಫಿ ನಿಂತಿದ್ದಾನೆ. ರಸ್ತೆಗೆ ಅಗಲವಿದೆ. ಆ ಅಗಲದೊಳಗೆ ಕಾರು ಹಿಡಿಯಬಹುದಾದ ಗೆರೆಗಳು ಹಲವು. ಯಾವ ಗೆರೆಯ ತ್ರಿಜ್ಯ ದೊಡ್ಡದೋ ಅದರ ಮೇಲೆ ಹೆಚ್ಚು ವೇಗ ಸಾಧ್ಯ. ಹೊರ ಅಂಚಿನಿಂದ ಹೊರಟು, ನಡುವೆ ಒಳ ಅಂಚನ್ನು ಮುಟ್ಟಿ, ಮತ್ತೆ ಹೊರ ಅಂಚಿಗೆ ಹೋದರೆ ತಿರುವು ತನಗೆ ತಾನೇ ಸಡಿಲವಾಗುತ್ತದೆ. ಇದನ್ನು ಅವನು 'ಹೀಗೆ ಮಾಡಿ' ಎಂದು ಉಪದೇಶವಾಗಿ ಹೇಳುವುದಿಲ್ಲ; ಗೀಟು ಎಳೆದು, ಸೂತ್ರ ಬರೆದು, ಮೇಷ್ಟರು ಕರಿಹಲಗೆಯ ಮೇಲೆ ತೋರಿಸುವಂತೆ ತೋರಿಸುತ್ತಾನೆ.

ನಾನೂ ಒಂದು ಲೆಕ್ಕ ಮಾಡಿ ನೋಡಿದೆ. ತೊಂಬತ್ತು ಡಿಗ್ರಿಯ ಒಂದು ತಿರುವು. ಒಳ ಅಂಚಿನ ತ್ರಿಜ್ಯ 40 ಮೀಟರ್, ಹೊರ ಅಂಚಿನದು 50 ಮೀಟರ್ ಎಂದಿರಲಿ. ರಸ್ತೆಯ ನಟ್ಟನಡುವೆ ಸಭ್ಯನಾಗಿ ಹೋದರೆ ತ್ರಿಜ್ಯ 45 ಮೀಟರ್. ಟೈರಿಗೂ ರಸ್ತೆಗೂ ನಡುವಿನ ಘರ್ಷಣಾಂಕ 1 ಎಂದು ಹಿಡಿದರೆ ಗಂಟೆಗೆ 75 ಕಿಲೋಮೀಟರಿನ ಮೇಲೆ ಕಾರು ಜಾರುತ್ತದೆ. ತರೂಫಿ ಹೇಳುವ ಗೆರೆಯಲ್ಲಿ ಹೋದರೆ ತ್ರಿಜ್ಯ 74 ಮೀಟರಿಗೆ ಏರುತ್ತದೆ, ವೇಗ 97 ಕಿಲೋಮೀಟರಿಗೆ! ಅದೇ ಕಾರು, ಅದೇ ಟೈರು, ಅದೇ ರಸ್ತೆ. ಒಂದು ಪೈಸೆಯ ಖರ್ಚಿಲ್ಲದೆ ಗಂಟೆಗೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಲಾಭ. ನಿಜ ಹೇಳುತ್ತೇನೆ, ಈ ಉತ್ತರ ಬಂದಾಗ ನಾನು ಕುರ್ಚಿಯಿಂದ ಎದ್ದು ಒಳಗೆ ಹೋಗಿ ಮನೆಯವಳಿಗೆ ಹೇಳಿದೆ. ಅವಳು ಕುಕ್ಕರಿನ ಮೂರನೆಯ ಕೂಗಿಗೆ ಕಾಯುತ್ತಿದ್ದಳು.

ಕಾಲೇಜಿನಲ್ಲಿ ನಮಗೆ ವೃತ್ತೀಯ ಚಲನೆಯನ್ನು ಕಲಿಸಿದ್ದು ದಾರಕ್ಕೆ ಕಟ್ಟಿದ ಕಲ್ಲಿನಿಂದ. ಆ ಕಲ್ಲನ್ನು ನಾನು ಎಂದೂ ನಂಬಲಿಲ್ಲ. ಪರೀಕ್ಷೆಯಲ್ಲಿ ಬರೆದು ಮರೆತೆ. ಇಪ್ಪತ್ತು ವರ್ಷ ಕಳೆದ ಮೇಲೆ ಒಬ್ಬ ಇಟಲಿಯವನು ಅದೇ ಸೂತ್ರದ ಮೇಲೆ ತನ್ನ ಪ್ರಾಣವನ್ನಿಟ್ಟು ಓಡಿಸಿದ್ದನ್ನು ಓದಿದಾಗ ಸೂತ್ರ ನಿಜವಾಯಿತು. ಪುಸ್ತಕದ ದೊಡ್ಡ ಗುಣ ಇದು. ಧೈರ್ಯ, ಎದೆಗಾರಿಕೆ, ಹುಟ್ಟುಗುಣ ಎಂದು ಜನ ಮಾತನಾಡುವ ಕಡೆ ಆತ ಅಡಿಪಟ್ಟಿ, ಕೋನಮಾಪಕ ಹಿಡಿದು ಬರುತ್ತಾನೆ. ಒಳ ಅಂಚನ್ನು ಮುಟ್ಟುವ ಬಿಂದುವಿಗೆ ಇಂಗ್ಲಿಷಿನಲ್ಲಿ 'ಅಪೆಕ್ಸ್' ಎನ್ನುತ್ತಾರೆ. ನಮ್ಮ ಗಣಿತದ ಪಠ್ಯದಲ್ಲಿ ತ್ರಿಭುಜದ ಮೂಲೆಗೆ 'ಶೃಂಗ' ಎಂಬ ಪದವಿದೆ. ಆದರೆ ಶೃಂಗಕ್ಕೆ ಏರಬೇಕಾಗುತ್ತದೆ, ಇದನ್ನು ಸವರಿಕೊಂಡು ಹೋಗಬೇಕು. 'ಒಳಮುಟ್ಟು' ಎಂದರೆ ಹೇಗೆ ಎಂದು ನನಗೆ ನಾನೇ ಕೇಳಿಕೊಂಡೆ. ಕನ್ನಡದಲ್ಲಿ ಇಂಥ ಪುಸ್ತಕ ಬರೆಯುವವರು ಯಾರಾದರೂ ಹುಟ್ಟಿದರೆ ಪದ ಅವರ ಸೊತ್ತು.

ಇಷ್ಟು ಮೆಚ್ಚುಗೆ ಹೇಳಿದ ಮೇಲೆ ತಕರಾರಿಗೆ ಬರುತ್ತೇನೆ.

ಪುಸ್ತಕವನ್ನು ಓದಿ ಮುಗಿಸಿದ ಮೇಲೆ, ಬೈಯುವ ಮೊದಲು ಕಣ್ಣಾರೆ ನೋಡುವುದೇ ನ್ಯಾಯವೆಂದು, ಅಣ್ಣನ ಮಗನ ಜೊತೆ ಒಂದು ಶನಿವಾರ ಇರುಂಗಾಟ್ಟುಕೋಟೆಗೆ ಹೋದೆ. 1990ರಲ್ಲಿ ಆರಂಭವಾದ ಟ್ರ್ಯಾಕು. ಪೂರ್ತಿ ಸುತ್ತು 3.7 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಹನ್ನೆರಡು ತಿರುವು. ಬಿಸಿಲು ಏರುವ ಮೊದಲೇ ಇಪ್ಪತ್ತರ ಮೇಲೆ ಕಾರುಗಳು ನಿಂತಿದ್ದವು. ಲಕ್ಷಗಟ್ಟಲೆ ಬೆಲೆಯವೂ ಇದ್ದವು, ದಿನಾ ಕಛೇರಿಗೆ ಹೋಗುವಂಥ ಸಣ್ಣ ಕಾರುಗಳೂ ಇದ್ದವು. ಹುಡುಗರು ಒಳ್ಳೆಯವರು. ಒಬ್ಬರ ಟೈರಿನ ಗಾಳಿಯನ್ನು ಇನ್ನೊಬ್ಬರು ನೋಡಿ ಕೊಡುತ್ತಿದ್ದರು, ಪರಿಚಯವಿಲ್ಲದ ನನಗೂ ಕುರ್ಚಿ, ಮಜ್ಜಿಗೆ ತಂದುಕೊಟ್ಟರು. ಮೊದಲ ಸರದಿ ಮುಗಿಸಿ ಬಂದಾಗ ನಮ್ಮ ಹುಡುಗನ ಮುಖದಲ್ಲಿದ್ದ ಕಳೆಯನ್ನು ನಾನು ಅವನು ಎಸ್.ಎಸ್.ಎಲ್.ಸಿ. ಪಾಸಾದ ದಿನದ ಮೇಲೆ ಕಂಡಿರಲಿಲ್ಲ.

ಆದರೆ ಬಂದವನು ಮೊದಲು ಮಾಡಿದ ಕೆಲಸವೇನು? ಫೋನು ತೆಗೆದು ಸಮಯ ನೋಡಿದ. ಪಕ್ಕದ ಕಾರಿನವನೂ ನೋಡಿದ. ಅವನ ಹಿಂದಿನವನೂ ನೋಡಿದ. ಒಂದು ಸುತ್ತಿಗೆ ಹಿಡಿದ ಕಾಲವನ್ನು ಸೆಕೆಂಡಿನ ನೂರರಲ್ಲೊಂದು ಪಾಲಿನವರೆಗೆ ಹೇಳುವ ವ್ಯವಸ್ಥೆ ಅದರಲ್ಲಿದೆಯಂತೆ. ಅಲ್ಲಿಂದ ಮುಂದೆ ದಿನವೆಲ್ಲ ಮಾತು ಅದೇ: ನಿನ್ನದೆಷ್ಟು, ನನ್ನದೆಷ್ಟು, ಹೋದ ಸಲ ಎಷ್ಟಿತ್ತು. ಗೆರೆಯ ಮಾತು, ತ್ರಿಜ್ಯದ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾನು ನನ್ನ 74 ಮೀಟರಿನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ, ತೆಗೆಯಲು ಸಂಕೋಚವಾಯಿತು.

ನನ್ನ ತಕರಾರು ಇಷ್ಟೇ. ತರೂಫಿಯ ಪುಸ್ತಕ ಗಡಿಯಾರದ ಸುತ್ತ ಕಟ್ಟಿದ್ದು. ಪ್ರತಿ ಚಿತ್ರದ, ಪ್ರತಿ ಸೂತ್ರದ ಹಿಂದೆ ಇರುವ ಪ್ರಶ್ನೆ 'ಎಷ್ಟು ಕಾಲ ಉಳಿಯಿತು' ಎಂಬುದು. ರೇಸಿನವನಿಗೆ ಅದು ಸರಿಯಾದ ಪ್ರಶ್ನೆ. ಉಳಿಸಿದ ಕಾಲವೇ ಅವನ ಸಂಬಳ. ಆದರೆ ಟ್ರ್ಯಾಕ್ ಡೇಗೆ ಬರುವವನಿಗೆ ಉಳಿಸಿದ ಕಾಲದಿಂದ ಏನು ಪ್ರಯೋಜನ? ಅವನಿಗೆ ಬಹುಮಾನವಿಲ್ಲ ಎಂದು ಸಂಘಟಕರೇ ಬೆಳಿಗ್ಗೆ ಹೇಳಿದ್ದಾರೆ. ಈ ಪುಸ್ತಕವನ್ನು ಅಂಥವನು ಓದಿದಾಗ ಅದರ ಜ್ಯಾಮಿತಿಯನ್ನು ಬಿಟ್ಟು ಗಡಿಯಾರವನ್ನು ಮಾತ್ರ ಎತ್ತಿಕೊಳ್ಳುತ್ತಾನೆ. ತಪ್ಪು ತರೂಫಿಯದಲ್ಲ ಎಂದು ಯಾರಾದರೂ ವಾದಿಸಬಹುದು. ಒಪ್ಪುತ್ತೇನೆ, ಹೆಸರಿನಲ್ಲೇ ರೇಸ್ ಎಂದು ಹಾಕಿದ್ದಾನೆ. ಆದರೆ ಇವತ್ತು ಇದನ್ನು ಓದುವವರಲ್ಲಿ ರೇಸಿನವರಿಗಿಂತ ನಮ್ಮ ಹುಡುಗನಂಥವರೇ ಹೆಚ್ಚಿರಬೇಕು. ಪುಸ್ತಕವನ್ನು ಯಾರು ಓದುತ್ತಾರೋ ಅವರ ಕೈಯಲ್ಲಿ ಅದು ಏನಾಗುತ್ತದೆ ಎಂದು ಕೇಳುವುದೂ ವಿಮರ್ಶಕನ ಕೆಲಸವೇ ಎಂದು ನಾನು ತಿಳಿದಿದ್ದೇನೆ.

ಸೆಕೆಂಡಿನ ಹತ್ತನೆಯ ಒಂದು ಪಾಲು ಎಂದರೆ ಎಷ್ಟು? ಗಂಟೆಗೆ 180 ಕಿಲೋಮೀಟರಿನಲ್ಲಿ ಅದು 5 ಮೀಟರು. ಮೇಲೆ ಹೇಳಿದ ತಿರುವಿಗೇ ಈ ವೇಗದಲ್ಲಿ ಬಂದು, 97ಕ್ಕೆ ಇಳಿಸಬೇಕಾದರೆ, ಟೈರು ಕೊಡಬಲ್ಲ ಅಷ್ಟೂ ಹಿಡಿತವನ್ನು ಬಳಸಿ ಬ್ರೇಕ್ ಒತ್ತಿದರೂ 90 ಮೀಟರು ಬೇಕು. ಪಕ್ಕದವನ ಸಮಯವನ್ನು ಮುರಿಯಬೇಕೆಂದು ಒಬ್ಬನು ಬ್ರೇಕನ್ನು 5 ಮೀಟರು ತಡವಾಗಿ ಒತ್ತಿದ ಎನ್ನೋಣ. ತಿರುವಿನ ಬಾಯಿಗೆ ಬಂದಾಗ ಅವನ ವೇಗ 103. ಆ ವೇಗಕ್ಕೆ 84 ಮೀಟರಿನ ತ್ರಿಜ್ಯ ಬೇಕು. ರಸ್ತೆ ಕೊಡುವುದು 74. ಉಳಿದ ಹತ್ತು ಮೀಟರನ್ನು ಹುಲ್ಲೋ ಟೈರಿನ ಗೋಡೆಯೋ ಕೊಡಬೇಕು. ಇದೇ ಪುಸ್ತಕದ ಗಣಿತದಿಂದ ನಾನು ತೆಗೆದ ಲೆಕ್ಕ ಇದು. ಗೆರೆಯನ್ನು ಚೆನ್ನಾಗಿ ಕಲಿತವನಿಗೆ ಅಪಾಯ ಕಡಿಮೆ ಎಂಬುದು ಅರ್ಧ ಸತ್ಯ. ನಡುರಸ್ತೆಯಲ್ಲಿ 75ರಲ್ಲಿ ಹೋಗುವವನು ತಪ್ಪಿದರೆ ಎರಡೂ ಬದಿಗೆ ಜಾಗ ಉಳಿದಿರುತ್ತದೆ. ಒಳ್ಳೆಯ ಗೆರೆಯವನು ರಸ್ತೆಯ ಅಗಲವನ್ನೆಲ್ಲ ಮೊದಲೇ ಖರ್ಚು ಮಾಡಿಬಿಟ್ಟಿರುತ್ತಾನೆ. ನಮ್ಮ ಕಡೆ ಸಂಬಳ ಬಂದ ದಿನವೇ ಪೂರ್ತಿ ಖರ್ಚು ಮಾಡುವವರನ್ನು ಏನೆನ್ನುತ್ತಾರೆಂಬುದು ಎಲ್ಲರಿಗೂ ಗೊತ್ತು.

ಬ್ರೇಕಿನ ಮಾತು ಬಂದದ್ದರಿಂದ ಇನ್ನೊಂದು ಲೆಕ್ಕ. 1400 ಕಿಲೋ ತೂಕದ ಕಾರನ್ನು 180ರಿಂದ 90ಕ್ಕೆ ಇಳಿಸಿದರೆ ಹೋಗುವ ಶಕ್ತಿ ಹದಿಮೂರು ಲಕ್ಷ ಜೂಲ್. ಅಷ್ಟು ಶಾಖದಿಂದ ಸುಮಾರು ನಾಲ್ಕು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಹೆದ್ದಾರಿಯಲ್ಲಿ ಇಂಥ ಬ್ರೇಕು ದಿನಕ್ಕೆ ಒಂದು ಸಲ ಬಿದ್ದರೆ ಹೆಚ್ಚು. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಹಲವು ಸಲ. ಗ್ಯಾರೇಜಿನವರು 'ಬ್ರೇಕ್ ಆಯಿಲ್' ಎನ್ನುವ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 4 ಎಂಬ ಜಾತಿಯದು ಹೊಸದಾಗಿದ್ದಾಗ 230 ಡಿಗ್ರಿಯವರೆಗೂ ಕುದಿಯಬಾರದು ಎಂದು ನಿಯಮವಿದೆ. ತೇವ ಸೇರಿದ ಮೇಲೆ 155 ಡಿಗ್ರಿ ತಡೆದರೆ ಸಾಕು ಎಂದು ಅದೇ ನಿಯಮ ಹೇಳುತ್ತದೆ. ಎರಡು ವರ್ಷ ಬದಲಾಯಿಸದೆ ಬಿಟ್ಟರೆ, ಕಾದಾಗ ಒಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆಗ ಪೆಡಲು ಮೆತ್ತಗೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಆ ದಿನ ಮೂರನೆಯ ಸರದಿ ಮುಗಿಸಿ ಬಂದ ಹುಡುಗ "ಪೆಡಲ್ ಸ್ವಲ್ಪ ಸಾಫ್ಟ್ ಆಯ್ತು ಚಿಕ್ಕಪ್ಪ, ತಣ್ಣಗಾದ ಮೇಲೆ ಸರಿಯಾಗತ್ತೆ" ಎಂದ. ಚಕ್ರದ ಬಳಿ ಸುಟ್ಟ ವಾಸನೆ ಬರುತ್ತಿತ್ತು. ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತೋ ಎಂದೆ. ಕೊಂಡ ಮೇಲೆ ಬದಲಾಯಿಸಿರಲಿಲ್ಲ. ಸೆಕೆಂಡಿನ ನೂರರಲ್ಲೊಂದು ಪಾಲನ್ನು ಬಲ್ಲವನಿಗೆ ಇದು ಗೊತ್ತಿರಲಿಲ್ಲ. ನಾಲ್ಕನೆಯ ಸರದಿಗೆ ಹೋಗಬೇಡ ಎಂದೆ. ಆತ ಹೋದ. ನಿಧಾನವಾಗಿ ಓಡಿಸಿದೆ ಎಂದು ಆಮೇಲೆ ಹೇಳಿದ; ಆ ಇಪ್ಪತ್ತು ನಿಮಿಷ ನಾನು ಎಲ್ಲಿ ನೋಡುತ್ತಿದ್ದೆನೋ ನನಗೆ ನೆನಪಿಲ್ಲ.

ಗಡಿಯಾರವನ್ನು ಬಿಟ್ಟು ಈ ಆಟವನ್ನು ಆಡಲಾಗುವುದಿಲ್ಲವೇ? ಆಡುತ್ತಾರೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ಉತ್ತರದ ಸುತ್ತು 1927ರಲ್ಲಿ ತೆರೆದದ್ದು, ಉದ್ದ 20.8 ಕಿಲೋಮೀಟರು, ಜಗತ್ತಿನಲ್ಲೇ ಕಠಿಣವೆಂದು ಹೆಸರಾದದ್ದು. ಗೊತ್ತಾದ ದಿನಗಳಲ್ಲಿ ಸಾರ್ವಜನಿಕರು ಸುತ್ತಿಗಿಷ್ಟು ಎಂದು ಹಣ ಕೊಟ್ಟು ತಮ್ಮ ತಮ್ಮ ಕಾರನ್ನು ಅಲ್ಲಿ ಓಡಿಸಬಹುದು. ಆದರೆ ಆ ದಿನಗಳಲ್ಲಿ ಅದು ಏಕಮುಖ ಸಂಚಾರದ ಸುಂಕದ ರಸ್ತೆಯಿದ್ದಂತೆ. ರಸ್ತೆಯ ನಿಯಮಗಳೇ ಅನ್ವಯ, ಬಲಗಡೆಯಿಂದ ದಾಟುವಂತಿಲ್ಲ, ಸುತ್ತಿನ ಕಾಲ ಅಳೆಯುವುದೂ ಪೈಪೋಟಿ ನಡೆಸುವುದೂ ನಿಷಿದ್ಧ. ಎಲ್ಲರೂ ಪಾಲಿಸುತ್ತಾರೆಂದು ನಾನು ಹೇಳಲಾರೆ. ಆದರೆ ಕಾರು, ರಸ್ತೆ, ತಿರುವು ಇಷ್ಟೇ ಸಾಕು, ಗಡಿಯಾರ ಬೇಡ ಎಂದು ಜರ್ಮನರಂಥ ಕಾರು ಪ್ರಿಯರೇ ನಿಯಮ ಮಾಡಿದ್ದಾರೆ.

ಅಷ್ಟು ದೂರವೂ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಕಡೆಯ ಸದಸ್ಯರಿಗೆ ಕಂಬಳದ ಕನೆ ಹಲಗೆ ಗೊತ್ತು. ಅಲ್ಲಿ ಕೋಣಗಳು ಎಷ್ಟು ಬೇಗ ಗುರಿ ಮುಟ್ಟಿದವೆಂದು ನೋಡುವುದಿಲ್ಲ. ಹಲಗೆಯಿಂದ ಚಿಮ್ಮಿದ ನೀರು ಆರೂವರೆ ಕೋಲಿನ ನಿಶಾನೆಗೋ ಏಳೂವರೆ ಕೋಲಿನ ನಿಶಾನೆಗೋ ತಾಗಿತೇ ಎಂದು ನೋಡುತ್ತಾರೆ. ಓಟ ಅದೇ, ಅಳತೆ ಬೇರೆ. ಅಳತೆ ಬೇರೆಯಾದದ್ದರಿಂದ ಅಲ್ಲಿ ಓಡಿಸುವವನ ವಿದ್ಯೆಯೂ ಬೇರೆ. 2020ರಲ್ಲಿ ಹಗ್ಗ ಹಿಡಿದು ಓಡಿದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದಾಗ, ದೇಶದ ಪತ್ರಿಕೆಗಳೆಲ್ಲ ಅದನ್ನು ನೂರು ಮೀಟರಿಗೆ ಇಳಿಸಿ ಉಸೇನ್ ಬೋಲ್ಟನ ಜೊತೆ ತೂಗಿದವು. ಕೋಣಗಳ ಪಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೈಗೆ ಗಡಿಯಾರ ಬಂದರೆ ಮನುಷ್ಯನಿಗೆ ಬೇರೇನೂ ಕಾಣಿಸುವುದಿಲ್ಲ.

ತರೂಫಿಯ ಜೀವನದ ಕೊನೆಯ ಓಟವನ್ನು ಬಲ್ಲವರಿಗೆ ಈ ಪುಸ್ತಕ ಇನ್ನೊಂದು ಬಗೆಯಾಗಿ ಓದಿಸಿಕೊಳ್ಳುತ್ತದೆ. ಬ್ರೆಶಿಯಾದಿಂದ ರೋಮಿಗೆ, ಅಲ್ಲಿಂದ ಹಿಂದಕ್ಕೆ ಸಾವಿರ ಮೈಲಿಯ ಓಟ, ಮಿಲ್ಲೆ ಮಿಲ್ಯಾ. ನಡೆಯುತ್ತಿದ್ದದ್ದು ಟ್ರ್ಯಾಕಿನಲ್ಲಲ್ಲ, ಊರುಗಳ ನಡುವಿನ ರಸ್ತೆಯಲ್ಲಿ. ಹಲವು ಸಲ ಸೋತಿದ್ದ ತರೂಫಿ, ಗೆದ್ದರೆ ರೇಸ್ ಬಿಟ್ಟುಬಿಡುತ್ತೇನೆಂದು ಹೆಂಡತಿ ಇಸಬೆಲ್ಲಾಗೆ ಮಾತು ಕೊಟ್ಟಿದ್ದ. 1957ರ ಮೇ 12ರಂದು, ಐವತ್ತನೆಯ ವಯಸ್ಸಿನಲ್ಲಿ ಗೆದ್ದ, ಮಾತಿನಂತೆ ಬಿಟ್ಟ. ಅದೇ ದಿನ, ಅದೇ ಓಟದಲ್ಲಿ, ಗುಯಿದಿಟ್ಸೋಲೊ ಎಂಬ ಊರಿನ ಹತ್ತಿರ ಇನ್ನೊಂದು ಫೆರಾರಿಯ ಟೈರು ಒಡೆಯಿತು. ಓಡಿಸುತ್ತಿದ್ದ ದೆ ಪೋರ್ತಾಗೋ, ಅವನ ಜೊತೆಗಾರ ನೆಲ್ಸನ್, ರಸ್ತೆ ಬದಿಯಲ್ಲಿ ನೋಡಲು ನಿಂತಿದ್ದ ಒಂಬತ್ತು ಮಂದಿ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಹಾಗೆ ರಸ್ತೆಯಲ್ಲಿ ನಡೆಯುವ ಮಿಲ್ಲೆ ಮಿಲ್ಯಾ ಅಲ್ಲಿಗೇ ನಿಂತಿತು. ಎರಡು ವರ್ಷದ ಮೇಲೆ ಈ ಪುಸ್ತಕ ಬಂತು. ಅದರ ಸ್ವಚ್ಛವಾದ ಚಿತ್ರಗಳಲ್ಲಿ ರಸ್ತೆಯ ಎರಡು ಅಂಚಿನ ಗೀಟುಗಳನ್ನು ನೋಡುವಾಗ, ಆ ಗೀಟಿನ ಆಚೆ ಯಾರು ನಿಂತಿದ್ದಾರೆ ಎಂಬ ಯೋಚನೆ ನನಗೆ ಬಾರದೆ ಇರಲಿಲ್ಲ.

ಈ ಕಾರಣಕ್ಕೇ ಟ್ರ್ಯಾಕ್ ಡೇಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಅಡ್ಡ ಎಮ್ಮೆ ಬರುವುದಿಲ್ಲ, ಅಂಚಿನಲ್ಲಿ ಮಕ್ಕಳು ನಿಂತಿರುವುದಿಲ್ಲ. ಆಂಬುಲೆನ್ಸು ಎದುರಿಗೇ ಇರುತ್ತದೆ. ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಅಪರಾತ್ರಿ ಪಂದ್ಯ ಕಟ್ಟಿ ಓಡಿಸುವವರ ಸುದ್ದಿಯನ್ನು ಚೆನ್ನೈಯವರು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅದು ಅಪರಾಧ. 2019ರ ತಿದ್ದುಪಡಿಯ ಮೇಲೆ ಮೂರು ತಿಂಗಳವರೆಗೆ ಸಜೆ ಇಲ್ಲವೇ 5,000 ರೂಪಾಯಿವರೆಗೆ ದಂಡ ಇಲ್ಲವೇ ಎರಡೂ. ವೇಗದ ಹಸಿವಿರುವ ಹುಡುಗನಿಗೆ ಬೇಲಿಯೊಳಗಿನ ಒಂದು ಜಾಗ ಇರುವುದು ಒಳ್ಳೆಯದೇ. ಹಿಂದೆ ಈ ಊರಿನ ಉತ್ತರಕ್ಕೆ ಶೋಲವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುಹಾದಿಯ ಮೇಲೆ ರೇಸ್ ನಡೆಯುತ್ತಿತ್ತು. ಫಿಯೆಟ್, ಹೆರಾಲ್ಡ್ ಕಾರುಗಳನ್ನು ಬಿಚ್ಚಿ ಕಟ್ಟಿ ತಂದು ಓಡಿಸುತ್ತಿದ್ದರೆಂದೂ, ತಾವು ಬೆಂಗಳೂರಿನ ಸ್ನೇಹಿತರ ಜೊತೆ ತಾತ್ಕಾಲಿಕ ಗ್ಯಾಲರಿಯಲ್ಲಿ ಕೂತು ನೋಡಿದ್ದೆವೆಂದೂ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಆಸೆ ಹೊಸದೇನಲ್ಲ.

ಆದರೆ ಬೇಲಿಯೊಳಗೆ ಹೋದವನು ಏನನ್ನು ಹೊರಗೆ ಬಿಟ್ಟು ಹೋಗುತ್ತಾನೆಂಬುದೂ ಅವನಿಗೆ ತಿಳಿದಿರಬೇಕು. ಗುಮಾಸ್ತನ ಬುದ್ಧಿ ಎಲ್ಲಿ ಹೋಗುತ್ತದೆ? ಹುಡುಗನ ಕಾರಿನ ವಿಮೆಯ ಪಾಲಿಸಿಯನ್ನು ತರಿಸಿ ಸಣ್ಣ ಅಕ್ಷರಗಳನ್ನೆಲ್ಲ ಓದಿದೆ. ಖಾಸಗಿ ಕಾರಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುವ ಮಾತೇ ಅದು: ಬಾಡಿಗೆಗೆ ಓಡಿಸಿದರೆ, ಸರಕು ಸಾಗಿಸಿದರೆ, ಸಂಘಟಿತ ರೇಸಿನಲ್ಲಿ ಇಲ್ಲವೇ ವೇಗ ಪರೀಕ್ಷೆಯಲ್ಲಿ ಬಳಸಿದರೆ ರಕ್ಷಣೆಯಿಲ್ಲ. 'ನಾನು ರೇಸ್ ಆಡಲಿಲ್ಲ' ಎಂದು ಟ್ರ್ಯಾಕ್ ಡೇಯವನು ಹೇಳಬಹುದು. ಆಗ ಎದುರಿನ ಮೇಜಿನವನು ಫೋನಿನಲ್ಲಿರುವ ಆ ನೂರರಲ್ಲೊಂದು ಪಾಲಿನ ಸಮಯವನ್ನು ತೋರಿಸಿ 'ಹಾಗಾದರೆ ಇದೇನು ಸ್ವಾಮಿ?' ಎಂದು ಕೇಳಿದರೆ? ನಾನು ಆ ಮೇಜಿನ ಹಿಂದೆ ಕೂತಿದ್ದರೆ ಖಂಡಿತ ಕೇಳುತ್ತಿದ್ದೆ. ಸಾಲದ ಕಂತು ಇನ್ನೂ ಬಾಕಿಯಿರುವ ಕಾರು, ಸಂಜೆ ಮುನ್ನೂರು ಕಿಲೋಮೀಟರು ಹಿಂದಕ್ಕೆ ಓಡಬೇಕಾದ ಕಾರು.

ತರೂಫಿಯ ಪುಸ್ತಕಕ್ಕೆ ಒಂದು ಅಧ್ಯಾಯವನ್ನು ಸೇರಿಸುವ ಅಧಿಕಾರ ನನಗಿದ್ದಿದ್ದರೆ ಅದು ಈ ಹವ್ಯಾಸಿಯನ್ನು ಕುರಿತದ್ದು. ಅದರಲ್ಲೂ ಸೂತ್ರಗಳೇ ಇರುತ್ತಿದ್ದವು. ಪ್ರಶ್ನೆ ಮಾತ್ರ ಬೇರೆ. ಇದೇ ತಿರುವನ್ನು ಹತ್ತು ಸಲ ಒಂದೇ ಗೆರೆಯಲ್ಲಿ, ಒಂದೇ ವೇಗದಲ್ಲಿ ತೆಗೆದುಕೊಳ್ಳಬಲ್ಲೆಯಾ? ಟೈರು ಕೊಡುವ ಹಿಡಿತದಲ್ಲಿ ನೂರಕ್ಕೆ ಹದಿನೈದು ಪಾಲನ್ನು ಉಳಿಸಿಕೊಂಡೂ ಗೆರೆಯನ್ನು ಬಿಡದೆ ಹೋಗಬಲ್ಲೆಯಾ? ಇದಕ್ಕೆ ಬೇಕಾಗುವ ಕೌಶಲ ಕಡಿಮೆಯದೇನಲ್ಲ. ಸಂಗೀತ ಕಲಿಯುವವರು ಒಂದೇ ವರಸೆಯನ್ನು ಮೂರು ಕಾಲದಲ್ಲಿ ಹಾಡುತ್ತಾರೆ. ಮೂರನೆಯ ಕಾಲ ಮುಟ್ಟಿದ್ದಕ್ಕೆ ಯಾವ ಗುರುವೂ ಗಡಿಯಾರ ನೋಡಿ ಭೇಷ್ ಎನ್ನುವುದಿಲ್ಲ, ಶ್ರುತಿ ಕೆಟ್ಟಿತೇ ಎಂದು ಕೇಳುತ್ತಾನೆ.

ಇದಿಷ್ಟನ್ನೂ ಹುಡುಗನಿಗೆ ಬರೆದು ಕಳಿಸಿದೆ. ಬೈಗುಳ ಬರೆಯಲಿಲ್ಲ, ಲೆಕ್ಕ ಮಾತ್ರ ಬರೆದೆ. ಒಂದು ವಾರ ಉತ್ತರವಿರಲಿಲ್ಲ. ಆಮೇಲೆ ಫೋನು ಮಾಡಿ, ಬ್ರೇಕ್ ಆಯಿಲ್ ಬದಲಾಯಿಸಿದೆನೆಂದೂ, ಗ್ಯಾರೇಜಿನವನು ಹಳೆಯದನ್ನು ತೆಗೆದು ತೋರಿಸಿದಾಗ ಕಾಫಿ ಡಿಕಾಕ್ಷನ್ನಿನ ಹಾಗಿತ್ತೆಂದೂ, ಅಪ್ಪನಿಗೆ ವಿಷಯ ಹೇಳಿಬಿಟ್ಟೆನೆಂದೂ ತಿಳಿಸಿದ. ಸುತ್ತಿನ ಸಮಯ ನೋಡುವುದನ್ನು ಬಿಟ್ಟಿದ್ದಾನೋ ಎಂದು ಕೇಳಿದೆ. "ಅದು ಮಾತ್ರ ಕಷ್ಟ ಚಿಕ್ಕಪ್ಪ" ಎಂದ. ಪ್ರಾಮಾಣಿಕವಾದ ಉತ್ತರ.

ಅಣ್ಣ ಹಾಸನದಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟರು. ಅವನ ಮನೆಯ ವಿಷಯವನ್ನು ಅವನ ಅನುಮತಿಯಿಲ್ಲದೆ ಅಚ್ಚಿಗೆ ಕೊಡಬಾರದೆಂದು ಈ ಲೇಖನದ ಪ್ರತಿಯನ್ನು ಅವನಿಗೆ ಕಳಿಸಿದ್ದೆ. ಎಲ್ಲವೂ ಗೊತ್ತಿದ್ದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಬೈದಾನೆಂದು ಕಾದಿದ್ದೆ. ಬೈಗುಳ ಎರಡು ಸಾಲಿನಲ್ಲಿ ಮುಗಿದಿತ್ತು. ಅದರ ಕೆಳಗೆ ಒಂದು ಚಿತ್ರ ಬರೆದು ಕಳಿಸಿದ್ದ. "ನೀನು ಕಾರನ್ನು ಒಂದು ಬಿಂದು ಎಂದು ಹಿಡಿದು ಲೆಕ್ಕ ಮಾಡಿದ್ದೀಯ. ಕಾರಿಗೆ ಅಗಲ ಇಲ್ಲವೇನೋ? 1.8 ಮೀಟರ್ ಎಂದು ಇಟ್ಟುಕೋ. ಎರಡೂ ಅಂಚಿನಿಂದ 0.9 ಕಳೆ. ತ್ರಿಜ್ಯ 74 ಅಲ್ಲ, 69. ವೇಗ 97 ಅಲ್ಲ, 93 ಚಿಲ್ಲರೆ. ನಿನ್ನ ಲೆಕ್ಕ ನಂಬಿ ಓಡಿಸಿದರೆ ಹುಡುಗ ಹೊರಗೆ ಹೋಗುತ್ತಾನೆ. ಅವನಿಗೂ ಇದನ್ನು ಕಳಿಸಿದ್ದೇನೆ." ಸರಿಯಾಗಿಯೇ ಇದೆ; ನಾನು ಎರಡು ಸಲ ಮಾಡಿ ನೋಡಿದೆ. ಮೇಲಿನ ಅಂಕಿಗಳನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ, ತಪ್ಪು ಯಾರದೆಂದು ವಾಚಕರಿಗೆ ತಿಳಿದಿರಲಿ ಎಂದು. ಪುಸ್ತಕ ಈಗ ಹಾಸನದಲ್ಲಿದೆ.